ಸರಕಿನ ಹೆಸರಿನ ಉಚ್ಚಾರವೂ ಸತ್ಯವೂ

ಹುಲಿಗಿಯ ಸುತ್ತಣ ಸೀಮೆಯಲ್ಲಿ ಪದಾಂತ್ಯದ ಎಕಾರವು ಇಕಾರವಾಗುವುದು ವಾಡಿಕೆ. ‘ಮನೆ’ಯು ‘ಮನಿ’ಯಾದಂತೆ ‘ಹುಲಿಗೆ’ಯು ‘ಹುಲಿಗಿ’ಯಾಗಿದೆ. ಇದು ಜೀವಂತ ನುಡಿಯ ನಡೆಯೇ ಹೊರತು ದೋಷವಲ್ಲ. ಆದರೆ ಅದೇ ಕೊಪ್ಪಳ ಸೀಮೆಯ ಕಿನ್ನಾಳದ ಬೊಂಬೆಗಳ ಹೆಸರಿಗೆ ಒದಗಿದ ವಿಕಾರವು ಬೇರೆ ಬಗೆಯದು. ಇಂಗ್ಲಿಷ್ ಬರಹದಲ್ಲಿ ನಕಾರದ ದ್ವಿತ್ವವು ಹೋಗಿ ಹಕಾರವು ಸೇರಿದೆ. ಳಕಾರಕ್ಕಂತೂ ಆ ಲಿಪಿಯಲ್ಲಿ ಎಡೆಯೇ ಇಲ್ಲ. ಹಕಾರವು ‘ಹಾಳ’ ಎಂಬ ಊರಹೆಸರಿನ ಅಂತ್ಯದ ಶೇಷವಾಗಿದ್ದರೂ ಇರಬಹುದು. ಆಡುನುಡಿಯಲ್ಲಿ ಅದು ನಕಾರದಲ್ಲಿ ಲೀನವಾಗಿದೆ. ಬರಹವನ್ನು ನಂಬಿದ ಪರಸ್ಥಳದವರು ‘ಕಿನ್ಹಾಲ್’ ಎನ್ನುವರು.

ಇದು ಕೇವಲ ವ್ಯಾಕರಣದ ಮಾತಲ್ಲ. 1999ರ ಭೌಗೋಳಿಕ ಸೂಚಕಗಳ ಕಾಯಿದೆಯ ಮೇರೆಗೆ ಈ ಬೊಂಬೆಗಳ ಹೆಸರು ನೋಂದಣಿಯಾಗಿದೆ. ಜಾಹೀರಾತಿನ ‘ಅಪ್ಪಟ’, ‘ಸರ್ವೋತ್ಕೃಷ್ಟ’ ಮೊದಲಾದ ವಿಶೇಷಣಗಳು ಮಾರುವವನು ತನಗೆ ತಾನೇ ಕೊಟ್ಟುಕೊಂಡ ಬಿರುದುಗಳು. ಊರ ಹೆಸರಾದರೋ ಪರೀಕ್ಷೆಗೆ ನಿಲ್ಲುವ ಮಾತು: ಹಗುರ ಮರವನ್ನು ಕೆತ್ತಿ, ಹುಣಿಸೆಬೀಜದ ಅಂಟಿನಿಂದ ಬೆಸೆದು, ಬಣ್ಣವಿಟ್ಟ ಚಿತ್ರಗಾರರ ಕೈಕೆಲಸವಿದೆಂದು ಅದು ಸಾರುತ್ತದೆ. ಯಂತ್ರದ ಅಚ್ಚಿನಲ್ಲಿ ಒತ್ತಿದ ಬೊಂಬೆಗೆ ಆ ಹೆಸರನ್ನಿಟ್ಟರೆ ಅದು ಅತಿಶಯೋಕ್ತಿಯಲ್ಲ, ಸುಳ್ಳು. (ಅತಿಶಯೋಕ್ತಿಯನ್ನು ಆಲಂಕಾರಿಕರು ಮೆಚ್ಚಿಯಾರು, ಕೊಳ್ಳುವವನು ಮೆಚ್ಚಬೇಕಾಗಿಲ್ಲ.)

ಹೆಸರೇ ಸಾಕ್ಷಿಯಾದಲ್ಲಿ ಸಾಕ್ಷಿಯ ನುಡಿ ಸ್ಫುಟವಾಗಿರಬೇಕಷ್ಟೆ. ಆದುದರಿಂದ ಬೊಂಬೆಯ ಪೆಟ್ಟಿಗೆಯ ಮೇಲೆ ‘ಕಿನ್ನಾಳ’ ಎಂದು ಕನ್ನಡದಲ್ಲಿ ಮೊದಲು ಅಚ್ಚಾಗಿ, ಇಂಗ್ಲಿಷ್ ರೂಪವು ಅದರ ಕೆಳಗೆ ಬರುವುದು ಯುಕ್ತ.