ಇಂಗ್ಲೆಂಡಿನಲ್ಲಿ ಮನೆಯ ವಿಸ್ತರಣೆ ಮತ್ತು ಯೋಜನಾನುಮತಿ

(ಕೂಟದ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಲೇಖನರೂಪ)



‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಈ ದೇಶಕ್ಕೆ ಬಂದ ನಮ್ಮಲ್ಲಿ ಹೊಸ ಮನೆ ಕಟ್ಟುವವರು ವಿರಳ. ಕಟ್ಟಿದ ಮನೆಯನ್ನು ಕೊಂಡು ವಿಸ್ತರಿಸುವವರೇ ಹೆಚ್ಚು. ಮಕ್ಕಳು ಬೆಳೆಯುತ್ತಾರೆ, ಮೆಟ್ಟಿಲು ಹತ್ತಲಾರದ ತಂದೆತಾಯಿಯರು ಊರಿನಿಂದ ಬಂದಾಗ ನೆಲಮಹಡಿಯಲ್ಲೊಂದು ಕೋಣೆ, ಸ್ನಾನಗೃಹ ಬೇಕಾಗುತ್ತದೆ. ಆಗ ಎದುರಾಗುವುದೇ ಯೋಜನಾನುಮತಿ, ಅಂದರೆ ಪ್ಲಾನಿಂಗ್ ಪರ್ಮಿಷನ್. ಇಂದು ನಾನು ಇಂಗ್ಲೆಂಡಿನ ನಿಯಮಗಳನ್ನು ಮಾತ್ರ ವಿವರಿಸುತ್ತೇನೆ; ಸ್ಕಾಟ್ಲೆಂಡ್, ವೇಲ್ಸ್ ಮತ್ತು ಉತ್ತರ ಐರ್ಲೆಂಡ್‌ಗಳಲ್ಲಿ ಅವು ಬೇರೆಯಾಗಿವೆ.

ಅಭಿವೃದ್ಧಿಯ ಹಕ್ಕು ಯಾರದು?

1947ರ ನಗರ ಮತ್ತು ಗ್ರಾಮ ಯೋಜನಾ ಕಾಯಿದೆ 1948ರ ಜುಲೈ 1ರಂದು ಜಾರಿಗೆ ಬಂದಿತು. ಭೂಮಿಯ ಒಡೆತನ ಒಡೆಯನಲ್ಲೇ ಉಳಿಯಿತು. ಆದರೆ ಅದರ ಮೇಲೆ ಕಟ್ಟುವ ಹಕ್ಕು ಸಮಾಜದ ಒಪ್ಪಿಗೆಗೆ ಒಳಪಟ್ಟಿತು. ಇಂದು ಜಾರಿಯಲ್ಲಿರುವ 1990ರ ಕಾಯಿದೆಯ ತಳಹದಿಯೂ ಇದೇ ತತ್ತ್ವ. ನಮ್ಮ ಊರುಗಳಲ್ಲಿ ನಕ್ಷೆಯ ಮಂಜೂರಾತಿ ಬಹುಮಟ್ಟಿಗೆ ಅಳತೆಗಳ ಲೆಕ್ಕ: ಸುತ್ತ ಬಿಡಬೇಕಾದ ಜಾಗ, ಎತ್ತರ, ನೆಲವಿಸ್ತೀರ್ಣದ ಅನುಪಾತ. ಇಲ್ಲಿ ಅಳತೆಗಳ ಜೊತೆಗೆ ವಿವೇಚನೆಯೂ ಸೇರುತ್ತದೆ. ಸ್ಥಳೀಯ ಯೋಜನೆ ಏನು ಹೇಳುತ್ತದೆ, ನೆರೆಮನೆಯ ಬೆಳಕಿಗೆ ಅಡ್ಡಿಯಾಗುವುದೇ, ಬೀದಿಯ ಸ್ವರೂಪ ಕೆಡುವುದೇ ಎಂದು ಅಧಿಕಾರಿ ತೂಗಿ ನೋಡುತ್ತಾರೆ. ಆದುದರಿಂದ ‘ಪಕ್ಕದವರಿಗೆ ಕೊಟ್ಟಿದ್ದಾರೆ, ನಮಗೂ ಕೊಡಲೇಬೇಕು’ ಎಂಬ ವಾದ ತಾನಾಗಿಯೇ ಗೆಲ್ಲುವುದಿಲ್ಲ.

ಅರ್ಜಿಯಿಲ್ಲದೆ ಕಟ್ಟಬಹುದಾದುದು

ಪ್ರತಿಯೊಂದು ಕೆಲಸಕ್ಕೂ ಅರ್ಜಿ ಬೇಕಿಲ್ಲ. ‘ಪರ್ಮಿಟೆಡ್ ಡೆವಲಪ್‌ಮೆಂಟ್’ ಎಂಬ ಪೂರ್ವಾನುಮತಿ 2015ರ ಆದೇಶದಲ್ಲಿದೆ. ಅದರಂತೆ ಒಂಟಿ ಮನೆಯ ಹಿಂಭಾಗಕ್ಕೆ 4 ಮೀಟರ್, ಜೋಡಿ ಅಥವಾ ಸಾಲುಮನೆಗೆ 3 ಮೀಟರ್ ಆಳದ ಒಂದಂತಸ್ತಿನ ವಿಸ್ತರಣೆ ಮಾಡಬಹುದು. ಎತ್ತರ 4 ಮೀಟರ್ ಮೀರಬಾರದು. ನೆರೆಹೊರೆಯವರಿಗೆ ತಿಳಿಸುವ ಪೂರ್ವಾನುಮೋದನೆಯ ವಿಧಾನದಲ್ಲಿ ಈ ಆಳ ಕ್ರಮವಾಗಿ 8 ಮತ್ತು 6 ಮೀಟರ್‌ವರೆಗೆ ಹೋಗಬಹುದು. ಅದರ ಅವಧಿ 42 ದಿನ. ಅಟ್ಟದ ವಿಸ್ತರಣೆಗೆ ಸಾಲುಮನೆಗೆ 40, ಉಳಿದ ಮನೆಗಳಿಗೆ 50 ಘನಮೀಟರ್ ಮಿತಿ.

ಇಲ್ಲಿ ಎಚ್ಚರ ವಹಿಸಬೇಕಾದ ನಾಲ್ಕು ಸಂಗತಿಗಳಿವೆ.

ಮೊದಲನೆಯದು, ಈ ಅಳತೆಗಳೆಲ್ಲವೂ ‘ಮೂಲ ಮನೆ’ಯಿಂದ ಆರಂಭವಾಗುತ್ತವೆ. ಮೂಲ ಮನೆ ಎಂದರೆ 1948ರ ಜುಲೈ 1ರಂದು ಇದ್ದ ಮನೆ, ಅಥವಾ ಆ ಬಳಿಕ ಕಟ್ಟಿದ್ದರೆ ಮೊದಲು ಕಟ್ಟಿದಾಗಿನ ಮನೆ. ನಿಮಗೆ ಮಾರಿದವರು ಹಿಂದೆಯೇ 3 ಮೀಟರ್ ವಿಸ್ತರಿಸಿದ್ದರೆ, ಆ ಪಾಲು ಮುಗಿದಂತೆಯೇ.

ಎರಡನೆಯದು, ಫ್ಲ್ಯಾಟುಗಳಿಗೆ ಈ ಹಕ್ಕಿಲ್ಲ. ಸಂರಕ್ಷಿತ ಪ್ರದೇಶಗಳಲ್ಲಿ ಇದು ಸಂಕುಚಿತ. ಹೊಸ ಬಡಾವಣೆಗಳಲ್ಲಿ ಮೂಲ ಅನುಮತಿಯ ಷರತ್ತಿನಲ್ಲೇ ಇದನ್ನು ಕಿತ್ತುಕೊಂಡಿರುವುದುಂಟು. ಮನೆ ಕೊಳ್ಳುವಾಗಲೇ ವಕೀಲರಿಂದ ಇದನ್ನು ಕೇಳಿ ತಿಳಿಯಬೇಕು.

ಮೂರನೆಯದು, ತೋಟದ ಕೊಠಡಿ. ಹಿತ್ತಿಲಲ್ಲಿ ವ್ಯಾಯಾಮಕ್ಕೋ ಸಾಮಾನಿಗೋ ಕೊಠಡಿ ಕಟ್ಟಲು ಪೂರ್ವಾನುಮತಿ ಇದೆ. ಆದರೆ ಅದು ಮನೆಯ ವಾಸಕ್ಕೆ ಆನುಷಂಗಿಕವಾಗಿರಬೇಕು. ತಂದೆತಾಯಿಯರಿಗೆ ಮಲಗುವ ಕೋಣೆ, ಅಡುಗೆಮನೆ ಸಹಿತ ಅಲ್ಲಿ ವಾಸದ ವ್ಯವಸ್ಥೆ ಮಾಡಿದರೆ ಅದು ಮುಖ್ಯ ವಾಸವೇ ಆಗುತ್ತದೆ. ಅದಕ್ಕೆ ಅರ್ಜಿ ಬೇಕು. ನಮ್ಮ ಕುಟುಂಬಗಳಿಗೆ ಇದು ಬಹಳ ಮುಖ್ಯವಾದ ವ್ಯತ್ಯಾಸ.

ನಾಲ್ಕನೆಯದು, ವಾಸ್ತುವಿನ ಕಾರಣದಿಂದ ಮನೆಯ ಮುಂಭಾಗವನ್ನು ಬೀದಿಯತ್ತ ಚಾಚುವ ಆಸೆ. ಚಿಕ್ಕ ಮುಖಮಂಟಪಕ್ಕೆ 3 ಚದರ ಮೀಟರ್‌ವರೆಗೆ ಅವಕಾಶವಿದೆ. ಅದರಾಚೆ ಮುಂಭಾಗದ ವಿಸ್ತರಣೆಗೆ ಸಾಮಾನ್ಯವಾಗಿ ಅನುಮತಿ ಅಗತ್ಯ.

ಅರ್ಜಿ ಬೇಡವಾದಾಗಲೂ ಕಾನೂನುಬದ್ಧತೆಯ ಪ್ರಮಾಣಪತ್ರವನ್ನು ಪಡೆದಿಟ್ಟುಕೊಳ್ಳುವುದು ಜಾಣತನ. ಮುಂದೆ ಮನೆ ಮಾರುವಾಗ ಕೊಳ್ಳುವವರ ವಕೀಲರು ಮೊದಲು ಕೇಳುವ ಕಾಗದಗಳಲ್ಲಿ ಅದೂ ಒಂದು.

ಅರ್ಜಿಯ ಹಾದಿ

ಅರ್ಜಿಯನ್ನು 2002ರಲ್ಲಿ ಆರಂಭವಾದ ಪ್ಲಾನಿಂಗ್ ಪೋರ್ಟಲ್ ಮೂಲಕ ಸ್ಥಳೀಯ ಕೌನ್ಸಿಲ್‌ಗೆ ಸಲ್ಲಿಸಬಹುದು. ನಿವೇಶನವನ್ನು ಕೆಂಪು ಗೆರೆಯಿಂದ ಗುರುತಿಸಿದ, ಸಾಮಾನ್ಯವಾಗಿ 1:1250 ಪ್ರಮಾಣದ ನಕ್ಷೆ, ಈಗಿನ ಮತ್ತು ಮುಂದಿನ ಮನೆಯ ಚಿತ್ರಗಳು, ಒಡೆತನದ ಪ್ರಮಾಣಪತ್ರ ಇವು ಅಗತ್ಯ. ನಿಮ್ಮ ಅಡಿಪಾಯವೋ ಮಳೆನೀರಿನ ದೋಣಿಯೋ ನೆರೆಯವರ ನೆಲದ ಮೇಲೆ ಚಾಚುವುದಾದರೆ ಅವರಿಗೆ ವಿಧಿವತ್ತಾಗಿ ನೋಟೀಸು ಕೊಡಬೇಕು. 2025ರ ಏಪ್ರಿಲ್ 1ರಂದು ಇಂಥ ಅರ್ಜಿಯ ಶುಲ್ಕ 258 ಪೌಂಡಿನಿಂದ 528 ಪೌಂಡಿಗೆ ಏರಿತು. ಆಗಾಗ ಪರಿಷ್ಕೃತವಾಗುವುದರಿಂದ ಸಲ್ಲಿಸುವ ದಿನದ ದರವನ್ನು ನೋಡಿಕೊಳ್ಳಿ.

ಅರ್ಜಿ ಕ್ರಮಬದ್ಧವೆಂದು ಒಪ್ಪಿದ ಮೇಲೆ ನೆರೆಹೊರೆಯವರ ಅಭಿಪ್ರಾಯಕ್ಕೆ 21 ದಿನಗಳ ಅವಕಾಶವಿದೆ. ತೀರ್ಮಾನಕ್ಕೆ ನಿಗದಿತ ಕಾಲ 8 ವಾರ. ನೆರೆಯವರ ಸಮ್ಮತಿ ಕಡ್ಡಾಯವಲ್ಲ. ಅವರ ಆಕ್ಷೇಪಣೆಗಳ ಸಂಖ್ಯೆಯೂ ಮುಖ್ಯವಲ್ಲ, ಕಾರಣ ಮುಖ್ಯ. ಬೆಳಕಿನ ನಷ್ಟ, ಏಕಾಂತಕ್ಕೆ ಭಂಗ, ವಾಹನ ನಿಲುಗಡೆ, ವಿನ್ಯಾಸದ ಹೊಂದಾಣಿಕೆ ಇವು ಪರಿಗಣನಾರ್ಹ. ಮನೆಯ ಬೆಲೆ ಇಳಿಯುತ್ತದೆ, ಕಿಟಕಿಯಿಂದ ಕಾಣುತ್ತಿದ್ದ ನೋಟ ಮರೆಯಾಗುತ್ತದೆ, ಆ ಕುಟುಂಬ ನಮಗೆ ಸೇರದು ಎಂಬುವು ಪರಿಗಣನಾರ್ಹವಲ್ಲ. ನಿಮ್ಮ ವಿರುದ್ಧ ಪತ್ರ ಬಂದಾಗ ಎದೆಗುಂದಬೇಕಿಲ್ಲ. ನೀವೇ ಪತ್ರ ಬರೆಯುವಾಗ ಈ ಗೆರೆಯನ್ನು ಮರೆಯಬಾರದು. ಅರ್ಜಿಗೆ ಮೊದಲೇ ನಕ್ಷೆಯನ್ನು ಕೈಯಲ್ಲಿ ಹಿಡಿದು ನೆರೆಯವರ ಬಾಗಿಲು ತಟ್ಟುವುದು ಉತ್ತಮ. ಕಾನೂನು ಅದನ್ನು ಕೇಳುವುದಿಲ್ಲ; ಆದರೆ ಕಟ್ಟಡ ಮುಗಿದ ಮೇಲೂ ನಾವು ಬಾಳಬೇಕಾದುದು ಅವರ ಪಕ್ಕದಲ್ಲೇ.

ಅನುಮತಿ ದೊರೆತರೆ ಸಾಮಾನ್ಯವಾಗಿ 3 ವರ್ಷದೊಳಗೆ ಕೆಲಸ ಆರಂಭಿಸಬೇಕು. ನಿರಾಕರಿಸಿದರೆ ಕಾರಣಗಳನ್ನು ಲಿಖಿತವಾಗಿ ತಿಳಿಸಲಾಗುತ್ತದೆ. ಅಧಿಕಾರಿಯೊಡನೆ ಚರ್ಚಿಸಿ ನಕ್ಷೆ ತಿದ್ದಿ ಮರುಅರ್ಜಿ ಹಾಕುವುದು ಒಂದು ದಾರಿ. 12 ವಾರಗಳೊಳಗೆ ಪ್ಲಾನಿಂಗ್ ಇನ್‌ಸ್ಪೆಕ್ಟರೇಟ್‌ಗೆ ಮೇಲ್ಮನವಿ ಸಲ್ಲಿಸುವುದು ಇನ್ನೊಂದು. ಮೇಲ್ಮನವಿಗೆ ಶುಲ್ಕವಿಲ್ಲ.

ಒಂದು ಅನುಮತಿ ಎಲ್ಲಕ್ಕೂ ಸಾಲದು

ಯೋಜನಾನುಮತಿಯು ಕಟ್ಟಡದ ಹೊರಸ್ವರೂಪ ಮತ್ತು ಪರಿಣಾಮಗಳಿಗೆ ಸಂಬಂಧಿಸಿದ್ದು. ತೊಲೆಯ ಬಲ, ಬೆಂಕಿಯ ಸುರಕ್ಷತೆ, ಉಷ್ಣರಕ್ಷಣೆ ಇವುಗಳಿಗೆ ಕಟ್ಟಡ ನಿಯಮಾವಳಿಯ ಒಪ್ಪಿಗೆ ಬೇರೆಯೇ ಬೇಕು. ಸಾಮಾನ್ಯ ಗೋಡೆಯನ್ನು ಮುಟ್ಟುವ ಕೆಲಸಕ್ಕೆ 1996ರ ಪಾರ್ಟಿ ವಾಲ್ ಕಾಯಿದೆಯಂತೆ 2 ತಿಂಗಳ ಮುಂಚೆ, ನೆರೆಯ ಕಟ್ಟಡದ ಸಮೀಪ ಆಳವಾಗಿ ಅಗೆಯಲು 1 ತಿಂಗಳ ಮುಂಚೆ ನೋಟೀಸು ಕೊಡಬೇಕು.

ಕೊನೆಯದಾಗಿ, ‘ಅಕ್ರಮ–ಸಕ್ರಮ’ ಎಂಬ ಮಾತು ನಮಗೆ ಚಿರಪರಿಚಿತ. ಇಲ್ಲಿಯೂ ಕಟ್ಟಿದ ಬಳಿಕ ಅರ್ಜಿ ಹಾಕಬಹುದು; ಆದರೆ ಹಣ ಕಟ್ಟಿ ತಪ್ಪನ್ನು ಸರಿಪಡಿಸಿಕೊಳ್ಳುವ ಯೋಜನೆ ಅದಲ್ಲ. ಹಿಂದೆ 4 ವರ್ಷಗಳ ಬಳಿಕ ಅನಧಿಕೃತ ಕಟ್ಟಡಕ್ಕೆ ರಕ್ಷಣೆ ದೊರೆಯುತ್ತಿತ್ತು. 2024ರ ಏಪ್ರಿಲ್ 25ರ ನಂತರ ಪೂರ್ಣಗೊಂಡವುಗಳಿಗೆ ಆ ಅವಧಿ 10 ವರ್ಷ. ಮರೆಮಾಚಿದರೆ ಆ ರಕ್ಷಣೆಯೂ ಸಿಗದು. ಸರ‍್ರೆಯ ರೈತ ರಾಬರ್ಟ್ ಫಿಡ್ಲರ್ ಹುಲ್ಲಿನ ಪಿಂಡಿಗಳ ಹಿಂದೆ ಕೋಟೆಯಂತಹ ಮನೆಯನ್ನು ಕಟ್ಟಿ, ವರ್ಷಗಳ ಕಾಲ ಅಡಗಿಸಿಟ್ಟು, 2006ರಲ್ಲಿ ಪ್ರಕಟಿಸಿದರು. ದೀರ್ಘ ವ್ಯಾಜ್ಯದ ಬಳಿಕ 2016ರಲ್ಲಿ ಅದನ್ನು ಕೆಡವಲೇಬೇಕಾಯಿತು.

ತಿಂಗಳುಗಳ ತಾಳ್ಮೆ ಮತ್ತು ಒಂದಿಷ್ಟು ಶುಲ್ಕ, ಜೀವಮಾನದ ಉಳಿತಾಯವನ್ನು ಕಾಪಾಡುತ್ತವೆ. ನಿಮ್ಮ ಮನೆಗೆ ಅನ್ವಯಿಸುವ ವಿವರಗಳನ್ನು ಕೌನ್ಸಿಲ್‌ನಿಂದಲೋ ಅರ್ಹ ವಾಸ್ತುಶಿಲ್ಪಿಯಿಂದಲೋ ತಿಳಿದು ಮುಂದುವರಿಯಿರಿ.