ಕೌದಿಯ ನಾಲ್ಕು ಬದಿ

ಉಣ್ಣೆಯ ಹೆಣಿಗೆಯನ್ನು ನಾನು ಕಲಿತದ್ದು ಧಾರವಾಡದ ವಸತಿಗೃಹವೊಂದರಲ್ಲಿ; ಕಲಿಸುವುದೆಂದರೇನೆಂದು ಕಲಿತದ್ದು ಮಾತ್ರ ಸಾರವಾಡದ ನಮ್ಮ ಮನೆಯ ಪಡಸಾಲೆಯಲ್ಲಿ, ಅಕ್ಷರದ ಗಂಧವೇ ಇಲ್ಲದ ನನ್ನ ಆಯಿಯಿಂದ. ಇದು 1974ರ ಮಾತು. ಶಿಕ್ಷಕಿಯರ ತರಬೇತಿಗೆಂದು ಧಾರವಾಡಕ್ಕೆ ಹೋಗಿದ್ದೆ. ನನ್ನ ಕೋಣೆಯಲ್ಲಿದ್ದ ಗೆಳತಿ ಮಡಿಕೇರಿಯ ಕಡೆಯವಳು. ಸಂಜೆ ದೀಪ ಹತ್ತಿದೊಡನೆ ಅವಳು ಎರಡು ಕಡ್ಡಿಗಳನ್ನೂ ಒಂದು ಉಣ್ಣೆಯ ಉಂಡೆಯನ್ನೂ ತೆಗೆದುಕೊಂಡು ಕಿಟಕಿಯ ಬಳಿ ಕೂಡುವಳು. ಬಾಯಿ ಒಂದು ಕಡೆ, ಕೈ ಒಂದು ಕಡೆ. ಎರಡಕ್ಕೂ ವಿಶ್ರಾಂತಿಯಿಲ್ಲ, ಆದರೆ ಅವಳ ಮುಖದಲ್ಲಿ ಮಾತ್ರ ಎಂಥ ವಿಶ್ರಾಂತಿ! ಪರೀಕ್ಷೆಯ ಹಿಂದಿನ ರಾತ್ರಿ ನಾವೆಲ್ಲ ಪುಸ್ತಕದ ಮೇಲೆ ಬಿದ್ದು ಒದ್ದಾಡುತ್ತಿದ್ದರೆ ಅವಳು ತಮ್ಮನ ಸ್ವೆಟರಿನ ತೋಳನ್ನು ಮುಗಿಸುತ್ತಿದ್ದಳು. ನನಗೆ ಹೊಟ್ಟೆಕಿಚ್ಚಾಯಿತು, ಕಲಿಸೆಂದು ಕೇಳಿದೆ.

ಹೆಣಿಗೆಯ ವರ್ಣಮಾಲೆಯಲ್ಲಿರುವುದು ಎರಡೇ ಅಕ್ಷರ, ಸೀದಾ ಮತ್ತು ಉಲ್ಟಾ. ಎಡಗೈಯ ಕಡ್ಡಿಯ ಮೇಲಿನ ಕುಣಿಕೆಯೊಳಗಿಂದ ಹೊಸ ಕುಣಿಕೆಯನ್ನು ಎಳೆದು ಬಲಗೈಯ ಕಡ್ಡಿಗೆ ದಾಟಿಸುವುದು. ಎಳೆ ಹಿಂದಿದ್ದರೆ ಸೀದಾ, ಮುಂದಿದ್ದರೆ ಉಲ್ಟಾ. ಇವೆರಡನ್ನು ಹಿಂದುಮುಂದು ಮಾಡಿ ಜಗತ್ತಿನ ಸಕಲ ವಿನ್ಯಾಸಗಳನ್ನೂ ಹೆಣೆಯುತ್ತಾರೆ. ನಮ್ಮ ನಾಡಿನಲ್ಲಿ ಇದು 19ನೆಯ ಶತಮಾನದಲ್ಲಿ ಪಾದ್ರಿಗಳ ಶಾಲೆಗಳ ಮೂಲಕ ಹರಡಿದ ವಿದ್ಯೆ. ನನಗೆ ಒಲಿಯಲು ಇಪ್ಪತ್ತು ದಿನ ಹಿಡಿಯಿತು. ಒಂದು ಕುಣಿಕೆ ಜಾರಿದರೆ ಸಾಕು, ಅದು ಸಾಲುಸಾಲು ಕೆಳಗಿಳಿದು ಏಣಿಯಂತಾಗುತ್ತದೆ. ಆಗ ಬಿಚ್ಚಬೇಕು, ಮತ್ತೆ ಹೆಣೆಯಬೇಕು. ನನ್ನ ಮೊದಲ ತಿಂಗಳ ಉಣ್ಣೆ ಹೆಣೆದುದಕ್ಕಿಂತ ಬಿಚ್ಚಿದ್ದೇ ಹೆಚ್ಚು.

ಬೇಸಿಗೆಯ ರಜೆಗೆ ಊರಿಗೆ ಬಂದಾಗ ಕಡ್ಡಿಗಳೂ ಬಂದವು. ಸಾರವಾಡವನ್ನು ಬಲ್ಲವರು ಈಗಾಗಲೇ ನಕ್ಕಿರಬೇಕು. ವಿಜಯಪುರದಿಂದ ಬಬಲೇಶ್ವರದತ್ತ ಹೋಗುವ ದಾರಿಯಲ್ಲಿ, ಡೋಣಿಯ ಕರಿಮಣ್ಣಿನ ಬಯಲಿನಲ್ಲಿರುವ ಊರು ಅದು. ಡೋಣಿ ಬಿಳಿಜೋಳವನ್ನು ಧಾರಾಳವಾಗಿ ಕೊಡುವಳು, ಸಿಹಿನೀರನ್ನು ಮಾತ್ರ ಕೊಡಳು. ಅವಳ ನೀರು ಸವಳು. ಏಪ್ರಿಲ್ ತಿಂಗಳ ಮಧ್ಯಾಹ್ನ ನೆಲ ಬಿರಿದು, ಬೇವಿನ ನೆರಳಿನಲ್ಲಿ ನಾಯಿಗಳು ನಾಲಗೆ ಚಾಚಿ ಮಲಗಿದ್ದ ಹೊತ್ತಿನಲ್ಲಿ ನಾನು ಉಣ್ಣೆ ಹಿಡಿದು ಕುಳಿತೆ. ಆಯಿ ಅಡಕೆ ಕತ್ತರಿಸುತ್ತ ಬಹಳ ಹೊತ್ತು ನೋಡಿದಳು.

“ಯವ್ವಾ, ಇದು ಏನ ಮಾಡಾಕತ್ತೀ? ನಮ್ಮ ಬಿಸಲಿಗೆ ಉಣ್ಣಿ ಅಂಗಿ ಯಾರ ತೊಡಬೇಕ?”

ಪ್ರಶ್ನೆ ನ್ಯಾಯವಾದದ್ದೇ. ಆದರೆ ವಿಜಯಪುರದ ಚಳಿಯೂ ಸಾಮಾನ್ಯವಲ್ಲ. ಡಿಸೆಂಬರಿನಲ್ಲಿ ರಾಜ್ಯದ ಅತಿ ಕಡಿಮೆ ಉಷ್ಣಮಾನ ಎಷ್ಟೋ ಸಲ ಇಲ್ಲಿಯೇ ದಾಖಲಾಗುತ್ತದೆ. ಆ ಚಳಿಗೆ ನಮ್ಮವರು ಕಂಡುಕೊಂಡ ಉತ್ತರ ಸ್ವೆಟರ್ ಅಲ್ಲ, ಕೌದಿ.

ಕೌದಿಯನ್ನು ಹೊದೆಯದೆ ಬೆಳೆದ ವಾಚಕರಿಗಾಗಿ ನಾಲ್ಕು ಮಾತು. ಉಟ್ಟು ಸವೆದ ಪತ್ತಲ, ಹರಿದ ಧೋತರ, ಬಣ್ಣಗೆಟ್ಟ ರುಮಾಲು, ಇವುಗಳನ್ನು ಪದರಪದರವಾಗಿ ಹಾಸಿ, ಮೇಲೆ ಇಳಕಲ್ ಸೀರೆಯ ಸೆರಗು, ಕುಪ್ಪಸದ ಖಣದ ತುಂಡು ಮುಂತಾದ ಬಣ್ಣದ ತೇಪೆಗಳನ್ನು ಜೋಡಿಸಿ, ದಪ್ಪ ದಾರದಿಂದ ಸಾಲುಸಾಲಾಗಿ ಹೊಲಿದ ಹೊದಿಕೆಯದು. ಸಂಸ್ಕೃತದ ‘ಕಂಥಾ’ ಎಂದರೂ ತೇಪೆಯ ಬಟ್ಟೆಯೇ. ಬಂಗಾಲದಲ್ಲಿ ಇದರ ಅಕ್ಕ ಕಾಂಥಾ, ಬಿಹಾರದಲ್ಲಿ ಸುಜನಿ, ಮಹಾರಾಷ್ಟ್ರದಲ್ಲಿ ಗೋಧಡಿ. ನಮ್ಮ ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರಗಳ ಕಾಡಿನಂಚಿನಲ್ಲಿ, ಆಫ್ರಿಕದ ಮೂಲದವರಾದ ಸಿದ್ದಿ ಜನರ ಹೆಂಗಸರು ಹೊಲಿಯುವ ಕೌದಿಯ ಮೂಲೆಗಳಲ್ಲಿ ಬಟ್ಟೆಯನ್ನು ಮಡಿಚಿ ಮಾಡಿದ ‘ಫೂಲ’, ಅಂದರೆ ಹೂವು, ಇರಲೇಬೇಕು. ಅದಿಲ್ಲದ ಕೌದಿ ಅವರ ಕಣ್ಣಿಗೆ ಅಪೂರ್ಣ.

ಆಯಿ ನನ್ನೊಡನೆ ಒಂದು ಒಪ್ಪಂದಕ್ಕೆ ಬಂದಳು. ಅವಳಿಗೆ ನಾನು ಕಡ್ಡಿಯ ಕೆಲಸ ಕಲಿಸಬೇಕು. ನನಗೆ ಅವಳು ಕೌದಿ ಕಲಿಸುವಳು. ಎಪ್ಪತ್ತರ ವಿದ್ಯಾರ್ಥಿನಿ, ಇಪ್ಪತ್ತರ ಗುರು! ತರಬೇತಿಯಲ್ಲಿ ಕಲಿತಿದ್ದ ಬೋಧನಕ್ರಮವನ್ನೆಲ್ಲ ಅವಳ ಮೇಲೆ ಪ್ರಯೋಗಿಸಿದೆ. ಮೂವತ್ತು ಕುಣಿಕೆ ಎತ್ತಿಕೊಟ್ಟು, ಪ್ರತಿ ಸಾಲಿನ ಕೊನೆಗೂ ಎಣಿಸಬೇಕೆಂದು ಹೇಳಿದೆ. ಆಯಿ ಎಣಿಸತೊಡಗಿದಳು: “ಲಾಭ, ಎರಡ, ಮೂರ…” ರಾಶಿಯಲ್ಲಿ ಜೋಳ ಅಳೆಯುವಾಗ ನಮ್ಮಲ್ಲಿ ಯಾರೂ ಒಂದು ಎನ್ನುವುದಿಲ್ಲ, ಮೊದಲ ಅಳತೆ ಲಾಭವೇ. ಆಶ್ಚರ್ಯವೆಂದರೆ, ಅವಳ ಕಡ್ಡಿಯಲ್ಲಿ ಲಾಭ ನಿಜವಾಗಿಯೂ ಆಗುತ್ತಿತ್ತು. ಹೊಸಬರು ಸಾಲಿನ ಆರಂಭದಲ್ಲಿ ಒಂದು ಕುಣಿಕೆಯ ಎರಡು ಎಳೆಗಳನ್ನು ಎರಡು ಕುಣಿಕೆಯೆಂದು ಹೆಣೆದುಬಿಡುವುದುಂಟು. ಮೂವತ್ತು ಮೂವತ್ತೆರಡಾಯಿತು, ಮೂವತ್ತಾರಾಯಿತು. ಪಟ್ಟಿ ಮೇಲೇರಿದಂತೆ ಅಗಲವಾಗುತ್ತ ಮೊರದ ಆಕಾರಕ್ಕೆ ಬಂದಿತು. ಬಿಚ್ಚಬೇಕೆಂದು ನಾನು ಪಟ್ಟು ಹಿಡಿದೆ. “ಬೆಳದದ್ದನ್ನ ಯಾಕ ಕಡಿಮಿ ಮಾಡ್ತೀ?” ಎಂದು ಅವಳು ಅದನ್ನು ಸೆರಗಿನಲ್ಲಿ ಬಚ್ಚಿಟ್ಟುಕೊಂಡಳು.

ನನ್ನ ಪಾಠದ ಸರದಿ ಬಂದಾಗ ಕಂಡದ್ದೇ ಬೇರೆ. ಆಯಿ ಏನನ್ನೂ ವಿವರಿಸಲಿಲ್ಲ. ನೆಲ ಸಾರಿಸಿ, ಆರು ಅಡಿ ಉದ್ದದ ಹಾಸು ಹಾಸಿ, ನಾಲ್ಕು ಮೂಲೆಗೂ ಕಲ್ಲಿಟ್ಟು, ಸೂಜಿ ಪೋಣಿಸಿಕೊಟ್ಟು, ನನ್ನ ಪಕ್ಕದಲ್ಲಿ ಕುಳಿತು ತನ್ನ ಪಾಡಿಗೆ ಹೊಲಿಯತೊಡಗಿದಳು. ಅವಳ ಹೊಲಿಗೆ ಜೋಳದ ಕಾಳಿನಷ್ಟು. ನನ್ನದು ಹುಣಸೆಬೀಜದಷ್ಟು, ಅದೂ ಸೊಟ್ಟ. ನಾಚಿ ಬಿಚ್ಚಹೋದರೆ ಕೈ ಹಿಡಿದಳು. “ಬಿಚ್ಚಬ್ಯಾಡ ಮಗಳ. ಸೊಟ್ಟ ಹೊಲಿಗಿನೂ ಥಂಡಿ ತಡೀತೈತಿ.”

ಹೆಣಿಗೆಯಲ್ಲಿ ತಪ್ಪಿದ ಒಂದು ಕುಣಿಕೆ ಇಡಿಯ ಅಂಗಿಗೆ ಕುತ್ತು; ಅಲ್ಲಿ ಬಿಚ್ಚುವುದು ಅನಿವಾರ್ಯ. ಕೌದಿಯಲ್ಲಿ ಹಾಗಲ್ಲ. ಒಂದು ಸಾಲು ಸೊಟ್ಟಾದರೆ ಪಕ್ಕದ ಸಾಲು ಅದನ್ನು ಹಿಡಿದುಕೊಳ್ಳುತ್ತದೆ. ಆದುದರಿಂದಲೇ ಅದರಲ್ಲಿ ಬಲ್ಲವಳೂ ಬಾರದವಳೂ ಒಂದೇ ದಿನ, ಒಂದೇ ಬಟ್ಟೆಯ ಮೇಲೆ ಕೂಡಬಹುದು. ಎಂಟು ವರ್ಷದ ಹುಡುಗಿಗೂ ಒಂದು ಮೂಲೆಯನ್ನು ಬಿಟ್ಟುಕೊಡಬಹುದು.

ಕೌದಿಯ ಇನ್ನೊಂದು ಗುಣವನ್ನು ನಾನು ಕಂಡದ್ದು ಅದೇ ಬೇಸಿಗೆಯಲ್ಲಿ. ಅದನ್ನು ಬರೆಯಲು ಇಷ್ಟು ವರ್ಷ ಸಂಕೋಚವಿತ್ತು. ಸಂಬಂಧಪಟ್ಟವರು ಈಗ ಯಾರೂ ಇಲ್ಲ. ಹಿಂದಿನ ವರ್ಷ ನಮ್ಮ ಮನೆ ಪಾಲಾಗಿತ್ತು. ಹೊಲದ ಬದುವಿನ ವಿಷಯವಾಗಿ ಹಿರಿಯರಲ್ಲಿ ಆಡಬಾರದ ಮಾತು ನಡೆದು, ನಮ್ಮ ಅವ್ವನೂ ಚಿಗವ್ವನೂ ಮಾತು ಬಿಟ್ಟಿದ್ದರು. ಒಂದೇ ಹಿತ್ತಿಲು, ಎರಡು ಒಲೆ. ಚಿಗವ್ವನ ಮಕ್ಕಳು ನಮ್ಮ ಬಾಗಿಲ ಮುಂದೆ ಬಂದು, ಒಳಗೆ ಬರಲಾರದೆ ಹಿಂದಿರುಗುತ್ತಿದ್ದುದು ನನ್ನ ಕಣ್ಣಲ್ಲಿ ಇನ್ನೂ ಇದೆ. ಆಯಿ ಯಾರ ಪರವನ್ನೂ ವಹಿಸಿ ಮಾತಾಡಿದವಳಲ್ಲ. ನನ್ನ ಅಕ್ಕ ಚೊಚ್ಚಲ ಬಾಣಂತನಕ್ಕೆ ಬರುವವಳಿದ್ದಳು. ಆಯಿ ಇಬ್ಬರು ಸೊಸೆಯರಿಗೂ ಹೇಳಿ ಕಳಿಸಿದಳು: ಕೌದಿ ಹಾಕುವುದಿದೆ, ಬರಬೇಕು. ಮೊಮ್ಮಗುವಿನ ಕೌದಿಗೆ ಒಲ್ಲೆನೆನ್ನುವ ಧೈರ್ಯ ಯಾರಿಗಿದೆ? ಇಬ್ಬರೂ ಬಂದರು, ಎದುರೆದುರು ಬದಿಗಳಲ್ಲಿ, ಒಬ್ಬರ ಮುಖ ಒಬ್ಬರು ನೋಡದಂತೆ ಕುಳಿತರು. ಉಳಿದ ಎರಡು ಬದಿ ಆಯಿಗೂ ನನಗೂ.

ಇಲ್ಲಿ ಕೌದಿಯ ರಚನೆಯನ್ನು ನೆನೆಯಬೇಕು. ಅದನ್ನು ಅಂಚಿನಿಂದ ನಡುವಿಗೆ ಹೊಲಿಯುತ್ತಾರೆ. ನಾಲ್ವರು ನಾಲ್ಕು ಬದಿ ಹಿಡಿದು, ಒಂದು ಬೆರಳಗಲದ ಅಂತರದಲ್ಲಿ ಸಾಲಿನ ಒಳಗೆ ಸಾಲು ಹಾಕುತ್ತ, ಹೊಲಿದ ಭಾಗದ ಮೇಲೆಯೇ ಕುಳಿತು ಮುಂದೆ ಸರಿಯಬೇಕು. ಮೊದಲ ದಿನ ಎದುರು ಬದಿಯವರೊಡನೆ ದನಿಯೆತ್ತಿ ಮಾತಾಡಬೇಕಾಗುತ್ತದೆ. ಕೊನೆಕೊನೆಗೆ ಪಿಸುಗುಟ್ಟಿದರೂ ಕೇಳುತ್ತದೆ. ನಾಲ್ಕು ಮಧ್ಯಾಹ್ನ ಆ ಇಬ್ಬರ ನಡುವೆ ಒಂದು ಮಾತಿಲ್ಲ. ನಾನೂ ಆಯಿಯೂ ಮಳೆಯ ಬಗ್ಗೆ, ಬೆಲ್ಲದ ಧಾರಣೆಯ ಬಗ್ಗೆ ಆಡಿದ್ದೇ ಆಡಿದ್ದು. ಐದನೆಯ ದಿನ ನಡುವಿನ ಚೌಕ ಒಂದು ಪರಾತದಷ್ಟು ಉಳಿದಿತ್ತು. ಅವ್ವನ ಮೊಣಕಾಲೂ ಚಿಗವ್ವನ ಮೊಣಕಾಲೂ ತಾಗುವಷ್ಟು ಹತ್ತಿರ. ಚಿಗವ್ವನ ದಾರ ಮುಗಿಯಿತು. ದಾರದ ಲಡಿ ಇದ್ದದ್ದು ಅವ್ವನ ತೊಡೆಯ ಮೇಲೆ. ಆಯಿ ಬೇಕೆಂದೇ ಅಲ್ಲಿಟ್ಟಿದ್ದಳೆಂದು ನನ್ನ ಗುಮಾನಿ.

ಚಿಗವ್ವ ತಲೆ ಎತ್ತದೆ ಹೇಳಿದಳು: “ಅಕ್ಕಾ, ದಾರ ಮುಗದೈತಿ. ಒಂದೀಟ ಕೊಡ್ರಿ.”

ಅವ್ವ ಉತ್ತರ ಕೊಡಲಿಲ್ಲ. ದಾರ ಎಳೆದು, ಹಲ್ಲಿನಿಂದ ಕಡಿದು, ತನ್ನ ಸೂಜಿಗೇ ಪೋಣಿಸಿದಳು. ಸೂಜಿಯನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆಂಬ ನಂಬಿಕೆ ನಮ್ಮ ಮನೆಯಲ್ಲಿತ್ತು. ಅವ್ವ ಅದನ್ನು ಕೌದಿಯ ನಡುವಿಗೆ ಚುಚ್ಚಿ ನಿಲ್ಲಿಸಿದಳು. ಚಿಗವ್ವ ಅಲ್ಲಿಂದ ಕಿತ್ತುಕೊಂಡಳು. “ಇನ್ನೂ ಜಗಳಕ್ಕ ಅಂಜತೀರೇನ?” ಎಂದು ಆಯಿ ನಕ್ಕಾಗ ಚಿಗವ್ವನಿಗೆ ನಗು ಬಂದಿತು, ಅವ್ವನಿಗೆ ಅಳು ಬಂದಿತು. ಬದುವಿನ ವ್ಯಾಜ್ಯ ಅದರಿಂದ ಮುಗಿಯಿತೆಂದು ತಿಳಿಯಬಾರದು. ಅದು ಇನ್ನೂ ಮೂರು ವರ್ಷ ಗಂಡಸರ ನಡುವೆ ನಡೆಯಿತು. ಆದರೆ ಚಿಗವ್ವನ ಮಕ್ಕಳು ಮರುದಿನದಿಂದ ನಮ್ಮ ಮನೆಯಲ್ಲಿ ರೊಟ್ಟಿ ತಿಂದವು.

2013ರಲ್ಲಿ ಬ್ರಿಟನ್ನಿನ ವಿದ್ವಾಂಸರು ವೃತ್ತಿಚಿಕಿತ್ಸೆಯ ಪತ್ರಿಕೆಯೊಂದರಲ್ಲಿ ಒಂದು ಸಮೀಕ್ಷೆಯನ್ನು ಪ್ರಕಟಿಸಿದರು. ನಾನಾ ದೇಶಗಳ ಮೂರೂವರೆ ಸಾವಿರಕ್ಕೂ ಮಿಕ್ಕಿ ಹೆಣಿಗೆಗಾರರು ಉತ್ತರಿಸಿದ್ದರು. ಹೆಚ್ಚು ಹೆಚ್ಚು ಹೆಣೆಯುವವರು ಮನಸ್ಸು ಶಾಂತವಾಗುತ್ತದೆಂದು ಹೇಳಿದರಂತೆ. ಗುಂಪಿನಲ್ಲಿ ಕುಳಿತು ಹೆಣೆಯುವವರು ಅದರಿಂದಾಗುವ ಒಡನಾಟದ ಲಾಭವನ್ನೂ ಹೇಳಿದರಂತೆ. ಓದಿ ಸಂತೋಷವಾಯಿತು. ಆದರೆ ಆಯಿಯನ್ನು ಕೇಳಿದ್ದರೆ ಅವಳು ಅಡಕೆಯ ಚೂರೊಂದನ್ನು ಬಾಯಿಗೆ ಹಾಕಿಕೊಂಡು, ಇಷ್ಟಕ್ಕೆ ಮೂರು ಸಾವಿರ ಮಂದಿಯನ್ನು ಯಾಕೆ ಕೇಳಿದರೆಂದು ವಿಚಾರಿಸುತ್ತಿದ್ದಳು.

ಇಷ್ಟೆಲ್ಲ ಕಂಡವಳು ಒಳ್ಳೆಯ ಶಿಕ್ಷಕಿಯಾದೆನೆಂದು ವಾಚಕರು ಭಾವಿಸಿದರೆ ಅದು ಅವರ ಔದಾರ್ಯ. ಕೈಕೆಲಸ ಶಾಲೆಯ ನಡುಮನೆಗೆ ಬರಬೇಕೆಂದು ಗಾಂಧೀಜಿಯವರು 1937ರಲ್ಲಿ ವಾರ್ಧಾದಲ್ಲಿ ಹೇಳಿದ್ದರು. ನಮ್ಮ ಕಾಲಕ್ಕೆ ಅದು ವೇಳಾಪಟ್ಟಿಯ ಕೊನೆಯ ಅವಧಿಗೆ ಇಳಿದಿತ್ತು. ಆ ಅವಧಿಯಲ್ಲಿ ನಾನು ಹೊಲಿಗೆ ಕಲಿಸುತ್ತಿದ್ದೆ, ಪಟ್ಟಿ ಹಿಡಿದು ಅಳೆದು ಅಂಕ ಕೊಡುತ್ತಿದ್ದೆ. ಒಬ್ಬ ಹುಡುಗಿಯ ಹೊಲಿಗೆ ಉದ್ದುದ್ದ. ತರಗತಿಯ ಮುಂದೆಯೇ ಅದನ್ನು ಬಿಚ್ಚಿದೆ. ಆಕೆ ಮುಂದಿನ ವಾರ ಆ ಅವಧಿಗೆ ಬರಲಿಲ್ಲ, ಅದರ ಮುಂದಿನ ವಾರವೂ ಬರಲಿಲ್ಲ. ವಿಚಾರಿಸಿದಾಗ ತಿಳಿಯಿತು: ತಾಯಿ ಮನೆಮನೆಗೆ ಹೋಗಿ ಕೂಲಿಗೆ ಕೌದಿ ಹೊಲಿಯುವವಳು, ದಿನಕ್ಕೆ ಇಷ್ಟು ಮುಗಿಯಬೇಕೆಂಬ ಅವಸರದಲ್ಲಿ ಅವಳ ಹೊಲಿಗೆ ಉದ್ದವಾಗುತ್ತಿತ್ತು, ಮಗಳ ಕೈಗೂ ಅದೇ ಅಳತೆ ಬಂದಿತ್ತು. ನಾನು ಬಿಚ್ಚಿದ್ದು ಆ ತಾಯಿಯ ಕೈಯನ್ನು. ಭಾನುವಾರ ಅವರ ಗುಡಿಸಲಿಗೆ ಹೋದೆ. ಕ್ಷಮೆ ಕೇಳುವ ಮಾತು ಬಾಯಿಗೆ ಬರಲಿಲ್ಲ. ಹಾಸಿದ್ದ ಕೌದಿಯ ಖಾಲಿ ಬದಿಯಲ್ಲಿ ಕುಳಿತೆ. ಆ ತಾಯಿ ಏನೂ ಕೇಳದೆ ಸೂಜಿಯನ್ನು ನನ್ನ ಮುಂದಿನ ಬಟ್ಟೆಗೆ ಚುಚ್ಚಿದಳು. ಅಂದಿನಿಂದ ಅಂಕಪಟ್ಟಿಯಲ್ಲಿ ಹೊಲಿಗೆಯ ಎದುರು ಎಲ್ಲರಿಗೂ ಒಂದೇ ಅಂಕ ಬರೆದೆ. ಮೇಲಧಿಕಾರಿಗಳು ಆಕ್ಷೇಪಿಸಿದ್ದು ಒಂದೇ ಬಾರಿ.

ಈಗ ನಿವೃತ್ತಳಾಗಿ ಸಾರವಾಡದಲ್ಲಿಯೇ ಇದ್ದೇನೆ. ಸೊಲ್ಲಾಪುರದ ಚಾದರ, ಯಂತ್ರದ ರಗ್ಗು ಅಗ್ಗಕ್ಕೆ ದೊರೆಯುವಾಗ ಐದು ಮಧ್ಯಾಹ್ನ ಕೂಡುವವರು ಕಡಿಮೆಯಾದರು. ಪಾಲಿಯೆಸ್ಟರ್ ಸೀರೆ ಬಂದ ಮೇಲೆ ಇನ್ನೊಂದು ತೊಡಕು: ಅದು ಸವೆಯುವುದಿಲ್ಲ, ಮೆತ್ತಗಾಗುವುದಿಲ್ಲ, ಪದರದ ಮೇಲೆ ಪದರ ನಿಲ್ಲದೆ ಜಾರುತ್ತದೆ. ವಿಜಯಪುರದಲ್ಲಿ ಮಲ್ಲಮ್ಮ ಯಾಳವಾರ ಅವರು 1986ರಲ್ಲಿ ಕಟ್ಟಿದ ‘ಸಬಲಾ’ ಸಂಸ್ಥೆ ಲಂಬಾಣಿ ಕಸೂತಿಯಂಥ ಕೈಕೆಲಸಗಳಿಗೆ ದೂರದ ಪೇಟೆಗಳನ್ನು ತೋರಿಸಿ ಹೆಂಗಸರ ಕೈಗೆ ಹಣ ಬರುವಂತೆ ಮಾಡಿತು. ಅದು ದೊಡ್ಡ ಕೆಲಸ. ನನ್ನದು ಚಿಕ್ಕದು. ಬುಧವಾರದ ಮಧ್ಯಾಹ್ನ ನಮ್ಮ ಪಡಸಾಲೆಯಲ್ಲಿ ಒಂದು ಕೌದಿ ಹಾಸಿರುತ್ತದೆ. ಕಾಲೇಜಿನ ಇಬ್ಬರು ಹುಡುಗಿಯರು, ಓಣಿಯ ಒಬ್ಬ ಅಜ್ಜಿ, ಒಮ್ಮೊಮ್ಮೆ ಪರೀಕ್ಷೆಯಲ್ಲಿ ಅನುತ್ತೀರ್ಣನಾಗಿ ಮನೆಯಲ್ಲಿ ಕುಳಿತ ಒಬ್ಬ ಹುಡುಗ ಬರುತ್ತಾರೆ. ಆ ಹುಡುಗನ ಹೊಲಿಗೆ ಎಲ್ಲರಿಗಿಂತ ನೇರ. ಅವನು ಬಂದಾಗ ಪರೀಕ್ಷೆಯ ಮಾತನ್ನು ಯಾರೂ ಎತ್ತುವುದಿಲ್ಲ. ಮೂರನೆಯ ವಾರ ಅವನೇ ಎತ್ತಿದ.

ಅಕ್ಕನ ಮಗುವಿಗೆಂದು ಹೊಲಿದ ಆ ಕೌದಿ ನಾಲ್ಕು ತೊಟ್ಟಿಲು ಕಂಡು, ಮರಳಿ ನನ್ನಲ್ಲಿಗೇ ಬಂದಿದೆ. ಅದರ ಒಂದು ಮೂಲೆಯಲ್ಲಿ, ಖಣದ ತೇಪೆಗಳ ನಡುವೆ, ಹಸಿರು ಉಣ್ಣೆಯದೊಂದು ತುಂಡು ಇದೆ. ಕೆಳಗೆ ಮೂವತ್ತು ಕುಣಿಕೆ, ಮೇಲೆ ನಲವತ್ತೊಂದು. ಆಯಿ ಅದನ್ನು ಯಾವಾಗ ಸೇರಿಸಿದಳೋ ನನಗೆ ತಿಳಿಯದು. ಸವಳು ನೀರಿನಲ್ಲಿ ಸಾಬೂನು ನೊರೆಯೇಳದ ಕಾರಣ ಮಳೆಯ ನೀರನ್ನು ಹಿಡಿದಿಟ್ಟು ಒಗೆಯುತ್ತೇನೆ. ಉಳಿದ ಭಾಗವೆಲ್ಲ ಸರಿಯಾಗಿ ಒಣಗುತ್ತದೆ; ಆ ತುಂಡು ಮಾತ್ರ ಪ್ರತಿ ಸಲವೂ ಮುದುಡಿಕೊಳ್ಳುತ್ತದೆ. ಎರಡು ಬದಿ ಹಿಡಿದು ಎಳೆಯಲು ಓಣಿಯಿಂದ ಯಾರನ್ನಾದರೂ ಕರೆಯಬೇಕಾಗುತ್ತದೆ.