ಜಲ್ಲಿಹಾದಿಯ ಹಿಮ ಮತ್ತು ನಮ್ಮ ಹೃದಯ

ಹಿಮಾಯತ್‌ನಗರದ ಹೆಸರಿನಲ್ಲಿ ಹಿಮವಿದ್ದರೂ ಬೀದಿಯಲ್ಲಿ ಇಲ್ಲ. ಆದರೆ ನಮ್ಮ ಬಂಧುಗಳಲ್ಲಿ ಅನೇಕರ ಮಕ್ಕಳು ಅಮೆರಿಕ, ಕೆನಡಾಗಳಲ್ಲಿ ನೆಲಸಿರುವರು. ಮೊಮ್ಮಕ್ಕಳನ್ನು ನೋಡಲು ಹೋದ ಹಿರಿಯರು, ಸುಮ್ಮನೆ ಕುಳಿತಿರುವುದೇಕೆಂದು ಸಲಿಕೆ ಹಿಡಿದು ಹಿಮ ತೆಗೆಯಲು ಹೊರಡುವುದುಂಟು. ಅಂಥವರು ತಿಳಿದಿರಬೇಕಾದ ಕೆಲವು ಸಂಗತಿಗಳು ಇಲ್ಲಿವೆ.

ಹಿಮವು ಹತ್ತಿಯಂತೆ ಕಂಡರೂ ನೀರು ಹೀರಿದಾಗ ಬಲು ಭಾರ. ಚಳಿಗೆ ರಕ್ತನಾಳಗಳು ಸಂಕೋಚಗೊಂಡು ರಕ್ತದೊತ್ತಡ ಏರುತ್ತದೆ. ಉಸಿರು ಬಿಗಿಹಿಡಿದು ತೋಳುಗಳಿಂದ ಭಾರವೆತ್ತಿದರೆ ಅದು ಇನ್ನಷ್ಟು ಏರುತ್ತದೆ. ಹೃದಯಕ್ಕೆ ಹೆಚ್ಚು ರಕ್ತ ಬೇಕಾದಾಗಲೇ ಅದರ ಪೂರೈಕೆ ಕುಗ್ಗುವುದರಿಂದ ಹೃದಯಾಘಾತದ ಭಯವಿದೆ. ಆದುದರಿಂದ ಸಲಿಕೆಗಿಂತ ಯಂತ್ರ ಲೇಸು.

ಹಿಮ ತೂರುವ ಯಂತ್ರವನ್ನು ಕೆನಡಾದ ಕ್ವಿಬೆಕ್ ಪ್ರಾಂತದ ಆರ್ಥರ್ ಸಿಕಾರ್ ಎಂಬವರು 1925ರಲ್ಲಿ ರೂಪಿಸಿದರು. ಇಂದು ಮನೆಗಳಲ್ಲಿ ಬಳಸುವ ಯಂತ್ರಗಳಲ್ಲಿ ಎರಡು ಬಗೆ. ಒಂದರಲ್ಲಿ ರಬ್ಬರಿನ ಅಲಗು ನೆಲವನ್ನೇ ಸವರಿ ಹಿಮವನ್ನು ಎಸೆಯುತ್ತದೆ. ಇನ್ನೊಂದರಲ್ಲಿ ತಿರುಪಿನಾಕಾರದ ಅಲಗು ಹಿಮವನ್ನು ಒಳಗೆಳೆದುಕೊಳ್ಳುತ್ತದೆ, ಹಿಂದಿನ ಚಕ್ರ ಅದನ್ನು ಕೊಳವೆಯ ಮೂಲಕ ದೂರ ತೂರುತ್ತದೆ.

ಊರ ಹೊರಗಿನ ಅನೇಕ ಮನೆಗಳಿಗೆ ಜಲ್ಲಿ ಹಾಸಿದ ಹಾದಿಯೇ ಇರುತ್ತದೆ. ಅಲ್ಲಿ ಮೊದಲನೆಯ ಬಗೆಯ ಯಂತ್ರ ಸಲ್ಲದು. ಹಿಮದೊಡನೆ ಸಿಕ್ಕ ಕಲ್ಲು ಕವಣೆಗಲ್ಲಿನಂತೆ ಹಾರಿ ಕಣ್ಣಿಗೋ ಕಿಟಕಿಗೋ ಬಡಿಯುತ್ತದೆ. ಎರಡನೆಯ ಬಗೆಯ ಯಂತ್ರವನ್ನು ಮಾತ್ರ ಹಾದಿಗೆ ಹೊಂದಿಸಿಕೊಳ್ಳಬಹುದು. ಯಂತ್ರದ ಬಾಯಿಯ ಇಕ್ಕೆಲಗಳಲ್ಲಿ ‘ಸ್ಕಿಡ್ ಷೂ’ ಎಂಬ ಜಾರುಪಟ್ಟಿಗಳಿವೆ. ಎಂಜಿನ್ ನಿಲ್ಲಿಸಿ, ಬೋಲ್ಟುಗಳನ್ನು ಸಡಿಲಿಸಿ, ಪಟ್ಟಿಗಳನ್ನು ಎರಡು ಕಡೆಯೂ ಸಮನಾಗಿ ಕೆಳಗಿಳಿಸಿದರೆ ಬಾಯಿ ನೆಲದಿಂದ ಸುಮಾರು ಒಂದು, ಒಂದೂಕಾಲು ಅಂಗುಲ ಮೇಲೇಳುತ್ತದೆ. ಉಳಿದ ತೆಳುಪದರವನ್ನು ತುಳಿದು ಗಟ್ಟಿಯಾಗಲು ಬಿಟ್ಟರೆ ಅದು ಜಲ್ಲಿಯನ್ನು ಹಿಡಿದಿಡುತ್ತದೆ. ಜಾರದಂತೆ ಮೇಲೆ ಮರಳು ಚೆಲ್ಲಬೇಕು. ಟ್ರಾಕ್ಟರಿನ ಹಿಮದ ಹಲಗೆಯನ್ನು ಬಳಸುವವರು ಉದ್ದಕ್ಕೆ ಸೀಳಿದ ಕಬ್ಬಿಣದ ಕೊಳವೆಯನ್ನು ಅದರ ಅಂಚಿಗೆ ತೊಡಿಸುತ್ತಾರೆ. ದುಂಡಾದ ಅಂಚು ಜಲ್ಲಿಯನ್ನು ಕೆದರದೆ ಮೇಲೆ ಜಾರುತ್ತದೆ.

ಕಲ್ಲು ಸಿಕ್ಕಿಕೊಂಡಾಗ ಮುರಿದು ಯಂತ್ರವನ್ನು ಕಾಪಾಡಲೆಂದೇ ಅಲಗಿನಲ್ಲಿ ಮೆದು ಆಣಿಗಳನ್ನು ಇಟ್ಟಿರುತ್ತಾರೆ. ಅವುಗಳ ಬದಲು ಗಟ್ಟಿ ಬೋಲ್ಟು ಹಾಕಬಾರದು. ಕೊಳವೆ ಕಟ್ಟಿದರೆ ಎಂಜಿನ್ ನಿಲ್ಲಿಸಿ, ಕೀಲಿ ತೆಗೆದು, ಕೋಲಿನಿಂದ ಬಿಡಿಸಬೇಕು. ಕೈಯನ್ನು ಎಂದಿಗೂ ಹಾಕಬಾರದು. ಎಂಜಿನ್ ನಿಂತ ಮೇಲೂ ಒಳಗೆ ಉಳಿದ ಬಿಗುವಿನಿಂದ ಅಲಗು ಒಮ್ಮೆಲೆ ತಿರುಗಿ ಬೆರಳು ಕತ್ತರಿಸಬಹುದು. ಮುಚ್ಚಿದ ಷೆಡ್ಡಿನಲ್ಲಿ ಯಂತ್ರವನ್ನು ನಡೆಸಿದರೆ ಅದರ ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡು ಪ್ರಾಣಾಂತಕ.

ಯಂತ್ರವನ್ನು ತಳ್ಳುವುದೂ ಶ್ರಮವೇ. ಹೃದ್ರೋಗ, ರಕ್ತದೊತ್ತಡ ಉಳ್ಳವರು ವೈದ್ಯರನ್ನು ಕೇಳದೆ ಈ ಕೆಲಸಕ್ಕೆ ಇಳಿಯಬಾರದು. ಎದೆ ಬಿಗಿತ, ತೋಳು ಅಥವಾ ದವಡೆಯ ನೋವು, ತಣ್ಣನೆಯ ಬೆವರು ಕಂಡರೆ ಕೆಲಸ ನಿಲ್ಲಿಸಿ ಒಡನೆಯೇ 911ಕ್ಕೆ ಕರೆ ಮಾಡಬೇಕು.

ಬೆಳಗಾಗುತ್ತಲೇ ಅಂಗಳ ಗುಡಿಸಿ ಸಾರಿಸುವ ಸಂಸ್ಕಾರ ನಮ್ಮದು. ಆದರೆ ಜಲ್ಲಿಹಾದಿಯಲ್ಲಿ ಕೊನೆಯ ಒಂದು ಅಂಗುಲ ಹಿಮವನ್ನು ಬಿಟ್ಟುಬಿಡುವುದೇ ಜಾಣತನ. ಅದರಿಂದ ಹಾದಿಯೂ ಉಳಿಯುತ್ತದೆ, ಯಂತ್ರವೂ ಉಳಿಯುತ್ತದೆ, ಹೃದಯಕ್ಕೂ ಕ್ಷೇಮ.